ಸಂಪಾಜೆ ಒಂದಲ್ಲ, ಎರಡು: ಎಐ ಬರೆದ ಕೋಡ್‌ಗೆ ಅದನ್ನು ಹೇಳುವವರು ಯಾರು?

ಮಡಿಕೇರಿಯಿಂದ ಘಟ್ಟ ಇಳಿದು ಸುಳ್ಯದ ಕಡೆ ಹೊರಟರೆ ಸಂಪಾಜೆಯಲ್ಲಿ ಕೊಡಗು ಜಿಲ್ಲೆ ಮುಗಿಯುತ್ತದೆ. ಸಂಪಾಜೆ ಮಾತ್ರ ಮುಗಿಯುವುದಿಲ್ಲ. ಗಡಿಯ ಈಚೆ ಮಡಿಕೇರಿ ತಾಲ್ಲೂಕಿನ ಸಂಪಾಜೆ ಗ್ರಾಮ ಪಂಚಾಯಿತಿ, ಆಚೆ ಸುಳ್ಯ ತಾಲ್ಲೂಕಿನ ಸಂಪಾಜೆ ಗ್ರಾಮ ಪಂಚಾಯಿತಿ. ಹೆಸರು ಒಂದೇ, ಜಿಲ್ಲೆ ಎರಡು, ಜಿಲ್ಲಾಧಿಕಾರಿಗಳು ಇಬ್ಬರು. ಊರಿನವರಿಗೆ ಇದರಲ್ಲಿ ಗೊಂದಲ ಏನೂ ಇಲ್ಲ. ಕೊಡಗು ಸಂಪಾಜೆ, ದಕ್ಷಿಣ ಕನ್ನಡ ಸಂಪಾಜೆ ಅಂದರೆ ಮುಗೀತು. ಬಸ್ ಕಂಡಕ್ಟರಿಗೂ ಗೊತ್ತು, ಪೋಸ್ಟ್‌ಮ್ಯಾನ್‌ಗೂ ಗೊತ್ತು.

ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಯಾರಾದರೂ ಹೇಳಬೇಕು.

ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಕಚೇರಿಯಲ್ಲಿ ಎರಡು ಎಕ್ಸೆಲ್ ಫೈಲ್ ಇವೆ ಅಂತ ಇಟ್ಟುಕೊಳ್ಳಿ. ಒಂದರಲ್ಲಿ ಗ್ರಾಮವಾರು ಕುಟುಂಬಗಳ ಸಂಖ್ಯೆ, ಇನ್ನೊಂದರಲ್ಲಿ ಗ್ರಾಮವಾರು ಮಳೆಹಾನಿ. ‘ಗ್ರಾಮದ ಹೆಸರು ನೋಡಿ ಎರಡನ್ನೂ ಜೋಡಿಸುವ ಪೈಥಾನ್ ಕೋಡ್ ಬರೆದುಕೊಡು’ ಎಂದು ಯಾವುದಾದರೂ ಎಐ ಸಹಾಯಕನನ್ನು ಕೇಳಿದರೆ ಹತ್ತು ಸೆಕೆಂಡಿನಲ್ಲಿ ಕೋಡ್ ಸಿದ್ಧ. ಸಾಲುಗಳು ಅಚ್ಚುಕಟ್ಟು, ಪಕ್ಕದಲ್ಲಿ ವಿವರಣೆ ಬೇರೆ. ಓಡಿಸಿದರೆ ಎಲ್ಲೂ ಎರರ್ ಬರುವುದಿಲ್ಲ. ಆದರೆ ಮೊದಲ ಫೈಲಿನಲ್ಲಿ ಎರಡು ಸಂಪಾಜೆ, ಎರಡನೆಯದರಲ್ಲೂ ಎರಡು. ಹೆಸರಿನ ಮೇಲೆ ಮಾತ್ರ ಜೋಡಿಸಿದರೆ ಫಲಿತಾಂಶದಲ್ಲಿ ನಾಲ್ಕು ಸಂಪಾಜೆ ಬರುತ್ತವೆ. ಕೊಡಗಿನ ಕುಟುಂಬಗಳ ಎದುರು ದಕ್ಷಿಣ ಕನ್ನಡದ ನಷ್ಟ, ದಕ್ಷಿಣ ಕನ್ನಡದ ಕುಟುಂಬಗಳ ಎದುರು ಕೊಡಗಿನ ನಷ್ಟ.

ಪುಣ್ಯಕ್ಕೆ ಯಾರೋ ಇದನ್ನು ಗಮನಿಸಿ ‘ಸಂಪಾಜೆ ನಾಲ್ಕು ಸಲ ಬಂದಿದೆಯಲ್ಲ, ಸರಿಮಾಡು’ ಎಂದರು ಅನ್ನಿ. ಸಹಾಯಕ ‘ಕ್ಷಮಿಸಿ, ನೀವು ಹೇಳಿದ್ದು ಸರಿ’ ಎಂದು ಇನ್ನೊಂದು ಸಾಲು ಸೇರಿಸಬಹುದು: ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಮೊದಲನೆಯದನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸು. ಈಗ ಉಳಿಯುವುದು ಒಂದೇ ಸಂಪಾಜೆ. ಈ ಸಲವೂ ಎರರ್ ಇಲ್ಲ. ಯಾವ ಜಿಲ್ಲೆಯ ಸಂಪಾಜೆ ಉಳಿಯಿತು ಎನ್ನುವುದು ಫೈಲಿನಲ್ಲಿ ಯಾವ ಸಾಲು ಮೇಲಿತ್ತು ಎನ್ನುವುದರ ಮೇಲೆ ನಿಂತಿದೆ. ಸರಿಯುತ್ತರ ಎರಡು. ಕೋಡ್ ಮೊದಲು ನಾಲ್ಕು ಅಂತು, ಆಮೇಲೆ ಒಂದು ಅಂತು. ಎರಡು ಸಲವೂ ತುಂಬು ಆತ್ಮವಿಶ್ವಾಸದಿಂದ ಹೇಳಿತು.

ಚುರುಕಾದ ಸಹಾಯಕ ‘ಜಿಲ್ಲೆಯ ಕಾಲಂ ಕೂಡ ಸೇರಿಸೋಣವೇ?’ ಎಂದು ಕೇಳಲೂಬಹುದು, ಕೇಳದೇ ಇರಲೂಬಹುದು. ಇವತ್ತು ಕೇಳಿದ್ದು ನಾಳೆ ಕೇಳುತ್ತದೆ ಎಂಬ ಖಾತ್ರಿಯಿಲ್ಲ. ಎರಡು ಸಂಪಾಜೆ ಇವೆ ಎಂದು ಮೊದಲೇ ಗೊತ್ತಿರುವವರು ಮಾತ್ರ ಈ ತಪ್ಪನ್ನು ನಿಶ್ಚಿತವಾಗಿ ಹಿಡಿಯಬಲ್ಲರು.

ಇದು ಬರೀ ಲೆಕ್ಕದ ಆಟವಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದಾಗ, ಕೊಡಗಿನ ಎಷ್ಟೋ ಕುಟುಂಬಗಳು ಘಟ್ಟದ ಕೆಳಗೆ ದಕ್ಷಿಣ ಕನ್ನಡದ ಪರಿಹಾರ ಕೇಂದ್ರಗಳಲ್ಲಿದ್ದವು. 2022ರ ಮಳೆಗಾಲದ ಹೊತ್ತಿಗೆ ಚೆಂಬು, ಸಂಪಾಜೆ, ಕಲ್ಲುಗುಂಡಿ ಸುತ್ತಮುತ್ತ ಭೂಮಿ ಮತ್ತೆ ಮತ್ತೆ ಸಣ್ಣಗೆ ಕಂಪಿಸಿತು. ಮನೆ ಒಂದು ಜಿಲ್ಲೆಯಲ್ಲಿ, ಆಶ್ರಯ ಇನ್ನೊಂದು ಜಿಲ್ಲೆಯಲ್ಲಿ ಇರುವ ಇಂಥ ಕಡೆ ಪಟ್ಟಿಯ ಒಂದು ಸಾಲು ಬಿಟ್ಟುಹೋದರೆ ಒಂದು ಕುಟುಂಬಕ್ಕೆ ಪರಿಹಾರ ಬಿಟ್ಟುಹೋಗಬಹುದು.

ಓಡುವ ಕೋಡೆಲ್ಲ ಸರಿಯಲ್ಲ

ಎಐ ಬರೆದ ಕೋಡ್ ಎಂದರೆ ತಪ್ಪುಗಳ ಮೂಟೆ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಹಾಗೆ ಹೇಳಿದರೆ ಅದು ಸುಳ್ಳು. ಆವರಣ ಚಿಹ್ನೆ ಮರೆಯುವುದು, ಅಕ್ಷರ ತಪ್ಪುವುದು, ಪ್ರೋಗ್ರಾಂ ಅರ್ಧಕ್ಕೇ ಬಿದ್ದುಹೋಗುವುದು, ಇಂಥ ಹಳೇ ತರಹದ ತಪ್ಪುಗಳನ್ನು ಈ ಸಾಧನಗಳು ಬಹಳ ಕಡಿಮೆ ಮಾಡಿವೆ. ಆದರೆ ಆ ತಪ್ಪುಗಳು ತಾವಾಗಿಯೇ ಕೂಗಿ ಹೇಳುತ್ತಿದ್ದವು. ಈಗ ಉಳಿದಿರುವುದು ಬಾಯಿ ಬಿಡದ ತಪ್ಪುಗಳು: ಕೋಡ್ ಓಡುತ್ತದೆ, ಉತ್ತರ ಬರುತ್ತದೆ, ಉತ್ತರ ತಪ್ಪಾಗಿರುತ್ತದೆ.

ಕೋಡ್ ಬರೆದೇ ಬದುಕುವವರೂ ಇದನ್ನೇ ಹೇಳುತ್ತಿದ್ದಾರೆ. ಸ್ಟ್ಯಾಕ್ ಓವರ್‌ಫ್ಲೋ ಜಗತ್ತಿನಾದ್ಯಂತ ಡೆವಲಪರ್‌ಗಳ ನಡುವೆ ನಡೆಸಿದ 2025ರ ಸಮೀಕ್ಷೆಯಲ್ಲಿ ಶೇ 84ರಷ್ಟು ಮಂದಿ ಎಐ ಸಾಧನ ಬಳಸುತ್ತಿದ್ದೇವೆ ಅಥವಾ ಬಳಸಲಿದ್ದೇವೆ ಎಂದರು. ಅದರ ನಿಖರತೆಯನ್ನು ನಂಬುತ್ತೇವೆ ಎಂದವರು ಶೇ 33, ನಂಬುವುದಿಲ್ಲ ಎಂದವರು ಶೇ 46. ‘ಬಹುತೇಕ ಸರಿ ಇರುತ್ತದೆ, ಆದರೆ ಪೂರ್ತಿ ಸರಿ ಇರುವುದಿಲ್ಲ’ ಎನ್ನುವುದೇ ದೊಡ್ಡ ತಲೆನೋವು ಎಂದವರು ಶೇ 66. ಎಐ ಕೋಡ್‌ನ ತಪ್ಪು ಹುಡುಕುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದವರು ಶೇ 45.

ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಮೀಟರ್ ಎಂಬ ಸಂಶೋಧನಾ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸಿತು. ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳು 16 ಮಂದಿ, ಅವರಿಗೆ ಚೆನ್ನಾಗಿ ಗೊತ್ತಿರುವ ಪ್ರಾಜೆಕ್ಟ್‌ಗಳಲ್ಲೇ 246 ಕೆಲಸಗಳು. ಎಐ ಬಳಸಿದರೆ ಶೇ 24ರಷ್ಟು ಸಮಯ ಉಳಿಯುತ್ತದೆ ಎಂದು ಅವರು ಮೊದಲು ಅಂದುಕೊಂಡಿದ್ದರು. ಕೆಲಸ ಮುಗಿದ ಮೇಲೂ ಶೇ 20ರಷ್ಟು ಉಳಿಯಿತು ಎಂದೇ ನಂಬಿದ್ದರು. ಗಡಿಯಾರ ನೋಡಿದರೆ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಇದು ಸಣ್ಣ ಅಧ್ಯಯನ, ಸಾಧನಗಳೂ ತಿಂಗಳು ತಿಂಗಳಿಗೆ ಬದಲಾಗುತ್ತಿವೆ. ಹಾಗಾಗಿ ಶೇ 19ಕ್ಕೆ ಜೋತುಬೀಳಬೇಕಾಗಿಲ್ಲ. ನಾವು ನೆನಪಿಡಬೇಕಾದ್ದು ಇನ್ನೊಂದು: ಕೆಲಸ ಬೇಗ ಆಯಿತು ಎನ್ನುವ ಭಾವನೆಗೂ ನಿಜಕ್ಕೂ ನಡುವಿನ ಅಂತರವನ್ನು ನುರಿತವರೇ ಗುರುತಿಸಲಿಲ್ಲ. ಆ ಭಾವನೆಯನ್ನೇ ನಂಬಿ ‘ಟೆಸ್ಟಿಂಗ್‌ಗೆ ಇಷ್ಟು ದಿನ ಯಾಕೆ?’ ಎಂದು ಕೇಳುವ ಮ್ಯಾನೇಜರ್‌ಗಳು ನಮ್ಮಲ್ಲಿ ಕಡಿಮೆ ಏನಿಲ್ಲ.

ಪರಿಶೀಲನೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2025ರ ಜುಲೈನಲ್ಲೇ ಜೇಸನ್ ಲೆಮ್ಕಿನ್ ಎಂಬ ಅಮೆರಿಕದ ಉದ್ಯಮಿ ರೆಪ್ಲಿಟ್ ಸಂಸ್ಥೆಯ ಎಐ ಏಜೆಂಟ್ ಬಳಸಿ ಆ್ಯಪ್ ಕಟ್ಟುತ್ತಿದ್ದರು. ‘ಏನನ್ನೂ ಮುಟ್ಟಬೇಡ’ ಎಂದು ಹೇಳಿದ್ದರೂ ಏಜೆಂಟ್ ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿಹಾಕಿತು. ರೆಪ್ಲಿಟ್ ಮುಖ್ಯಸ್ಥ ಅಮ್ಜದ್ ಮಸಾದ್ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಪ್ರಯೋಗದ ಡೇಟಾವನ್ನೂ ಜನ ಬಳಸುತ್ತಿರುವ ಡೇಟಾವನ್ನೂ ಬೇರೆ ಬೇರೆ ಇಡಬೇಕು ಎನ್ನುವುದು ಇಂಜಿನಿಯರಿಂಗ್ ಕಾಲೇಜಿನ ಮೊದಲ ಪಾಠಗಳಲ್ಲಿ ಒಂದು. ಆ ಘಟನೆಯ ನಂತರವೇ ರೆಪ್ಲಿಟ್ ಅವೆರಡನ್ನೂ ತಾನಾಗಿಯೇ ಬೇರ್ಪಡಿಸುವ ವ್ಯವಸ್ಥೆಗೆ ಮುಂದಾಯಿತು.

ಕನ್ನಡ ಬಂದರೆ ಕಷ್ಟ ಎರಡರಷ್ಟು

ನಮ್ಮ ಡೇಟಾ ಕನ್ನಡದಲ್ಲಿರುತ್ತದೆ. ಅಲ್ಲಿ ಈ ಮೌನ ತಪ್ಪುಗಳಿಗೆ ಇನ್ನಷ್ಟು ಜಾಗ.

‘ಕೊಡಗು’ ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎಂದು ಎರಡಾಗಿ ಒಡೆದೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ನೇರವಾಗಿ ಹೋಲಿಸಿದರೆ ಕಂಪ್ಯೂಟರ್ ಇವೆರಡೂ ಬೇರೆ ಪದ ಎನ್ನುತ್ತದೆ. ಅಂದರೆ ಕೊಡಗು ಕೊಡಗಿಗೆ ಸಮವಲ್ಲ! ಎರಡನ್ನೂ ಮೊದಲು ಒಂದೇ ರೂಪಕ್ಕೆ ತರುವ ಒಂದು ಸಾಲು ಬರೆದರೆ ಸಮಸ್ಯೆ ಮುಗಿಯುತ್ತದೆ. ಆದರೆ ಸಮಸ್ಯೆ ಇದೆ ಎಂದು ಗೊತ್ತಿದ್ದರೆ ತಾನೇ ಆ ಸಾಲು ಬರೆಸುವುದು?

‘ಸಂಪಾಜೆ’ ನಮ್ಮ ಕಣ್ಣಿಗೆ ಮೂರಕ್ಷರ, ಯೂನಿಕೋಡ್‌ಗೆ ಆರು ಸಂಕೇತ. ಹೆಸರನ್ನು ಐದಕ್ಕೆ ಕತ್ತರಿಸುವ ಕೋಡ್ ಅದನ್ನು ‘ಸಂಪಾಜ’ ಮಾಡುತ್ತದೆ. ಹಳೇ ಕಡತದಿಂದ ಬಂದ ‘೨೫’ ಎಂಬ ಕನ್ನಡ ಅಂಕಿಯನ್ನು ಪೈಥಾನ್ ಇಪ್ಪತ್ತೈದು ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಒಂದು ಭಾಷೆಯಲ್ಲಿ ಪರೀಕ್ಷಿಸಿದ ತರ್ಕವನ್ನು ‘ಇನ್ನೊಂದಕ್ಕೆ ಬದಲಿಸಿಕೊಡು’ ಎಂದು ಎಐಗೆ ಹೇಳಿ ಹಾಗೇ ಅಪ್‌ಲೋಡ್ ಮಾಡಿದರೆ ಇಂಥವು ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತವೆ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದದ್ದಕ್ಕೆ ಗೃಹಲಕ್ಷ್ಮಿ ಹಣಕ್ಕಾಗಿ ಅಲೆದ ಹೆಂಗಸರಿಗೆ ಒಂದಕ್ಷರದ ಬೆಲೆ ಎಷ್ಟು ಎಂದು ಯಾರೂ ವಿವರಿಸಬೇಕಿಲ್ಲ.

ಯಂತ್ರದ ಕನ್ನಡವನ್ನು ಯಾರೂ ನೋಡದೆ ಬಿಟ್ಟರೆ ಏನಾಗುತ್ತದೆ ಎಂದು ಇಡೀ ರಾಜ್ಯ ಒಮ್ಮೆ ನೋಡಿದೆ. 2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡದಲ್ಲಿ ಸಂತಾಪ ಸೂಚಿಸಿದರು. ಮೆಟಾದ ಸ್ವಯಂಚಾಲಿತ ಇಂಗ್ಲಿಷ್ ಅನುವಾದ ಸಿದ್ದರಾಮಯ್ಯ ಅವರೇ ತೀರಿಕೊಂಡರು ಎಂಬಂತೆ ಬರೆಯಿತು. ಮುಖ್ಯಮಂತ್ರಿ ಕಚೇರಿ ಮೆಟಾಗೆ ಪತ್ರ ಬರೆಯಿತು, ಮೆಟಾ ಕ್ಷಮೆ ಕೇಳಿ ಸರಿಪಡಿಸಿರುವುದಾಗಿ ಹೇಳಿತು. ಮುಖ್ಯಮಂತ್ರಿಯ ವಿಷಯದಲ್ಲಿ ಆದ ತಪ್ಪು, ಬೇಗ ತಿದ್ದುಪಡಿ ಆಯಿತು. ಅದೇ ತಪ್ಪು ಪಿಂಚಣಿ ಪಟ್ಟಿಯಲ್ಲಿ ಒಬ್ಬ ಕೂಲಿ ಕಾರ್ಮಿಕಳ ಹೆಸರಿನ ಮುಂದೆ ‘ಮೃತ’ ಎಂದು ಬಂದಿದ್ದರೆ ಆಕೆ ಯಾರಿಗೆ ಪತ್ರ ಬರೆಯಬೇಕು?

ಹೆಬ್ಬೆಟ್ಟು ಯಾರದ್ದು?

ಇದಕ್ಕೆ ನಮ್ಮದೇ ರಾಜ್ಯದ ಒಂದು ಹಳೇ ಉತ್ತರವಿದೆ. 2000ದ ಸುಮಾರಿಗೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ದಾಖಲೆಗಳಿದ್ದವು. ಟೈಪ್ ಆದ ದಾಖಲೆಯನ್ನು ಮುದ್ರಿಸಿ, ಆಯಾ ಊರಿನ ಗ್ರಾಮಲೆಕ್ಕಿಗರಿಂದ ಮೂಲ ಪಹಣಿಯೊಂದಿಗೆ ತಾಳೆ ನೋಡಿಸಲಾಗುತ್ತಿತ್ತು. ತಂತ್ರಾಂಶದಲ್ಲಿ ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ನಾಳೆ ‘ನಾನು ಮಾಡಿದ್ದಲ್ಲ’ ಎಂದು ಹೇಳುವಂತಿಲ್ಲ ಎನ್ನುವುದು ಅದರ ಉದ್ದೇಶ. ಭೂಮಿ ಬಂದಮೇಲೆ ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿ ಅಲೆಯುವುದು ನಿಂತಿತು ಎಂದು ಯಾರೂ ಹೇಳಲಾರರು. ಲಂಚ ಜಾಗ ಬದಲಿಸಿತು ಅಷ್ಟೇ ಎಂಬ ಟೀಕೆಯೂ ಇದೆ. ಆದರೂ ವ್ಯವಸ್ಥೆಯ ಒಳಗೆ ಎರಡು ವಿಚಾರ ಇದ್ದವು: ಊರು ಗೊತ್ತಿರುವವರು ತಾಳೆ ನೋಡಬೇಕು, ಬದಲಾವಣೆಗೆ ಒಬ್ಬ ಮನುಷ್ಯನ ಗುರುತು ಇರಬೇಕು.

ಎಐ ಬರೆದ ಕೋಡ್‌ನಲ್ಲಿ ಯಾರ ಹೆಬ್ಬೆಟ್ಟೂ ಇರುವುದಿಲ್ಲ. ತಪ್ಪಾದರೆ ಡೆವಲಪರ್ ಸಾಧನವನ್ನು ತೋರಿಸುತ್ತಾನೆ, ಸಾಧನದ ಕಂಪನಿ ‘ಉತ್ತರಗಳನ್ನು ಪರಿಶೀಲಿಸಿ ಬಳಸಿ’ ಎಂಬ ಸಣ್ಣಕ್ಷರದ ಸೂಚನೆ ತೋರಿಸುತ್ತದೆ, ಗುತ್ತಿಗೆದಾರ ಇಲಾಖೆ ಒಪ್ಪಿದ ಪತ್ರ ತೋರಿಸುತ್ತಾನೆ, ಇಲಾಖೆಯ ಸಿಬ್ಬಂದಿ ‘ಸಿಸ್ಟಂನಲ್ಲಿ ಹಾಗೇ ಬರ್ತಿದೆ’ ಎನ್ನುತ್ತಾರೆ. ಕೊನೆಗೆ ಪರೀಕ್ಷೆ ಮಾಡುವ ಕೆಲಸ ಬೀಳುವುದು ಕೌಂಟರಿನ ಮುಂದೆ ನಿಂತವರ ತಲೆಯ ಮೇಲೆ. ಸಂಬಳವಿಲ್ಲದ ಟೆಸ್ಟರ್, ಅದೂ ಒಂದು ದಿನದ ಕೂಲಿ ಕಳೆದುಕೊಂಡು ಬಂದ ಟೆಸ್ಟರ್.

ಎಐ ಬರುವ ಮೊದಲೂ ಹೀಗೇ ಇತ್ತಲ್ಲ ಎನ್ನಬಹುದು. ಖಂಡಿತ ಇತ್ತು. 2024ರ ನವೆಂಬರ್‌ನಲ್ಲಿ ನಮ್ಮಲ್ಲಿ ಬಿಪಿಎಲ್ ಕಾರ್ಡ್‌ಗಳ ಪರಿಷ್ಕರಣೆ ನಡೆದಾಗ ಅರ್ಹರ ಕಾರ್ಡ್‌ಗಳೂ ಹೋಗಿ ಗದ್ದಲವಾಯಿತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡ್ ವಾಪಸ್ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ಪಕ್ಕದ ತೆಲಂಗಾಣದಲ್ಲಿ 2016ರಿಂದ ರದ್ದಾಗಿದ್ದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಬ್ರಿಟನ್‌ನಲ್ಲಿ ಫುಜಿತ್ಸು ಒದಗಿಸಿದ ‘ಹೊರೈಜನ್’ ತಂತ್ರಾಂಶ ತೋರಿಸಿದ ಲೆಕ್ಕವನ್ನೇ ನಂಬಿ, 900ಕ್ಕೂ ಹೆಚ್ಚು ಅಂಚೆ ಕಚೇರಿ ನಡೆಸುವವರನ್ನು ಕಳ್ಳತನ, ವಂಚನೆಯ ಆರೋಪದಲ್ಲಿ ಅಪರಾಧಿಗಳನ್ನಾಗಿ ಮಾಡಲಾಯಿತು. ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದು ಮಾಡಲು 2024ರಲ್ಲಿ ಸಂಸತ್ತು ಕಾನೂನನ್ನೇ ತರಬೇಕಾಯಿತು. ‘ಈ ತೊಂದರೆ ನಿಮ್ಮೊಬ್ಬರಿಗೇ ಬಂದಿದೆ’ ಎಂದು ತಮಗೆ ಹೇಳುತ್ತಿದ್ದರು ಎಂಬುದು ಅವರಲ್ಲಿ ಅನೇಕರ ಅಳಲು.

ಇವು ಯಾವುವೂ ಚಾಟ್‌ಬಾಟ್ ಬರೆದ ಕೋಡ್‌ನಿಂದ ಆದವಲ್ಲ. ಮನುಷ್ಯರೇ ನಿಧಾನವಾಗಿ ಬರೆದ ತಂತ್ರಾಂಶವನ್ನು ಮನುಷ್ಯರೇ ಕಣ್ಣುಮುಚ್ಚಿ ನಂಬಿದ್ದಕ್ಕೆ ಆದವು. ಈಗ ಬರೆಯುವ ವೇಗ ಏರಿದೆ. ಮೈಕ್ರೋಸಾಫ್ಟ್‌ನ ಶೇ 20ರಿಂದ 30ರಷ್ಟು ಕೋಡ್ ಯಂತ್ರ ಬರೆದದ್ದು ಎಂದು ಸತ್ಯ ನಾದೆಲ್ಲ 2025ರ ಏಪ್ರಿಲ್‌ನಲ್ಲೇ ಹೇಳಿದ್ದರು. ನಂಬುವ ಅಭ್ಯಾಸ ಹಳೆಯದೇ ಉಳಿದು ಬರೆಯುವ ವೇಗ ಮಾತ್ರ ಏರಿದರೆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ?

ಫ್ರೆಶರ್ ಏನು ಕಲಿಯಬೇಕು?

ಸಂಪಾಜೆಯ ಹುಡುಗ ಹುಡುಗಿಯರಿಗೆ ಹತ್ತಿರದ ಇಂಜಿನಿಯರಿಂಗ್ ಕಾಲೇಜು ಸುಳ್ಯದ ಕೆ.ವಿ.ಜಿ. ಅಲ್ಲಿಂದ ಬೆಂಗಳೂರಿಗೆ ಬಂದು ಫ್ರೆಶರ್ ಆಗಿ ಸೇರಿದವರು ಇಷ್ಟು ದಿನ ಕೆಲಸ ಕಲಿಯುತ್ತಿದ್ದದ್ದು ಸಣ್ಣ ಸಣ್ಣ ಬಗ್‌ಗಳನ್ನು ಹಿಡಿದು. ಬೇರೆಯವರ ಕೋಡ್ ಓದು, ಎಲ್ಲಿ ಕೈ ಕೊಡ್ತಿದೆ ನೋಡು, ಸೀನಿಯರ್ ಹತ್ತಿರ ಬೈಸಿಕೊ, ಮತ್ತೆ ತಿದ್ದು. ಬೇಜಾರಿನ ಕೆಲಸ, ಆದರೆ ಅದೇ ಶಾಲೆ. ಈಗ ಆ ಸಣ್ಣ ಕೆಲಸಗಳೇ ಮೊದಲು ಎಐ ಪಾಲಾಗುತ್ತಿವೆ. ಟಿಸಿಎಸ್ 2025ರಲ್ಲಿ ಸುಮಾರು 12 ಸಾವಿರ ಮಂದಿಯನ್ನು ಬಿಡುವುದಾಗಿ ಹೇಳಿತು. ಅದಕ್ಕೆ ಎಐ ಕಾರಣವಲ್ಲ, ಕೌಶಲ ಹೊಂದಾಣಿಕೆಯಾಗದ್ದು ಕಾರಣ ಎಂದು ಕಂಪನಿಯ ಮುಖ್ಯಸ್ಥರು ವಿವರಿಸಿದರು. ಕಾರಣ ಏನೇ ಇರಲಿ, ಹೊಸಬರು ಬೇಕಾದ ಕೌಶಲವನ್ನು ಕಲಿಯುವ ಮೆಟ್ಟಿಲೇ ಸವೆಯುತ್ತಿದೆ. ಎಐ ಕೋಡ್ ಪರಿಶೀಲಿಸಲು ಅನುಭವಿಗಳು ಬೇಕು. ಇವತ್ತಿನ ಫ್ರೆಶರ್‌ಗೆ ತಪ್ಪು ಹುಡುಕುವ ಅವಕಾಶ ಕೊಡದಿದ್ದರೆ ಐದು ವರ್ಷದ ನಂತರದ ಅನುಭವಿಗಳು ಎಲ್ಲಿಂದ ಬರುತ್ತಾರೆ?

ಈ ಸಾಧನಗಳನ್ನು ಬಳಸುವ ವಿದ್ಯಾರ್ಥಿಗಳಿಗೆ ಇಷ್ಟು ಹೇಳಬಹುದು. ಕೋಡ್ ಬರೆಸುವ ಮುಂಚೆ ಐದು ಸಾಲಿನ ಉತ್ತರವನ್ನು ಕೈಯಲ್ಲಿ ಬರೆದಿಟ್ಟುಕೊಳ್ಳಿ. ಜೋಡಿಸುವ ಮುಂಚೆ ಎಷ್ಟು ಸಾಲು, ಆಮೇಲೆ ಎಷ್ಟು ಎಂದು ಎಣಿಸಿ. ಎರಡು ಸಂಪಾಜೆ ನಾಲ್ಕಾದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ‘ಸರಿಮಾಡು’ ಎನ್ನುವ ಬದಲು ‘ಯಾಕೆ ಹೀಗಾಯಿತು ಹೇಳು’ ಎಂದು ಕೇಳಿ, ಆ ಕಾರಣ ನಿಮಗೆ ಒಪ್ಪಿಗೆಯಾಗುವ ತನಕ ತಿದ್ದಲು ಬಿಡಬೇಡಿ. ಕೋಡ್ ಬರೆದ ಸಹಾಯಕನಿಂದಲೇ ಅದರ ಪರೀಕ್ಷೆಯನ್ನೂ ಬರೆಸಿದರೆ, ಉತ್ತರಪತ್ರಿಕೆ ಬರೆದವನ ಕೈಗೇ ಮೌಲ್ಯಮಾಪನ ಕೊಟ್ಟ ಹಾಗೆ. ಪರೀಕ್ಷೆ ಪಾಸಾಗದಿದ್ದರೆ ಕೋಡ್ ಬಿಟ್ಟು ಪರೀಕ್ಷೆಯನ್ನೇ ಸಡಿಲಗೊಳಿಸುವ ಚಾಳಿ ಇವಕ್ಕಿದೆ. ಅದು ಹೇಳಿದ ಲೈಬ್ರರಿ ನಿಜಕ್ಕೂ ಇದೆಯಾ ಎಂದೂ ನೋಡಿ. 16 ಮಾದರಿಗಳಿಂದ ಬರೆಸಿದ 5.76 ಲಕ್ಷ ಕೋಡ್ ತುಣುಕುಗಳನ್ನು ಪರಿಶೀಲಿಸಿದ ಅಮೆರಿಕದ ಸಂಶೋಧಕರಿಗೆ, ಸೂಚಿಸಿದ ಪ್ಯಾಕೇಜ್‌ಗಳಲ್ಲಿ ಸುಮಾರು ಐದರಲ್ಲಿ ಒಂದು ಅಸ್ತಿತ್ವದಲ್ಲೇ ಇಲ್ಲ ಎಂದು ಕಂಡುಬಂತು. ಆ ಇಲ್ಲದ ಹೆಸರಿನಲ್ಲಿ ಕಳ್ಳ ಕೋಡ್ ಇಟ್ಟು ಕಾಯುವವರಿಗೆ ಇದೊಂದು ತೆರೆದ ಬಾಗಿಲು.

ಕೇಳಬೇಕಾದ್ದನ್ನು ಕೇಳೋಣ

ಆದರೆ ಇದನ್ನೆಲ್ಲ ಒಬ್ಬೊಬ್ಬ ಇಂಜಿನಿಯರ್‌ನ ಪ್ರಾಮಾಣಿಕತೆಗೆ ಬಿಟ್ಟು ಕೂರುವಂತಿಲ್ಲ. ಜನರ ಅಕ್ಕಿ, ಪಿಂಚಣಿ, ಪರಿಹಾರ ನಿರ್ಧರಿಸುವ ತಂತ್ರಾಂಶದ ಬಗ್ಗೆ ಸರ್ಕಾರಕ್ಕೆ ನಾಲ್ಕು ಬೇಡಿಕೆ ಇಡಬಹುದು.

ಒಂದು, ಕೋಡ್ ಯಾರೇ ಬರೆಯಲಿ, ಯಾವ ಸಾಧನದಿಂದಲೇ ಬರೆಯಲಿ, ‘ನಾನು ಓದಿದ್ದೇನೆ, ವಿವರಿಸಬಲ್ಲೆ’ ಎಂದು ಸಹಿ ಹಾಕುವ ಹೊಣೆಗಾರರು ಇಲಾಖೆಯಲ್ಲೂ ಗುತ್ತಿಗೆ ಕಂಪನಿಯಲ್ಲೂ ಇರಬೇಕು. ಭೂಮಿಯ ಬೆರಳಚ್ಚು ಇಲ್ಲಿಗೂ ಬರಲಿ.

ಎರಡು, ಪರೀಕ್ಷೆಗೆ ಬಳಸಿದ ಉದಾಹರಣೆಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಒಂದೇ ಹೆಸರಿನ ಎರಡು ಗ್ರಾಮ, ಕನ್ನಡ ಅಂಕಿ, ಇನಿಷಿಯಲ್ ಇಲ್ಲದ ಹೆಸರು, ನೆಟ್‌ವರ್ಕ್ ಸಿಗದ ಕಾಲನಿ, ಇವೆಲ್ಲ ಅದರಲ್ಲಿ ಇದ್ದವಾ ಎಂದು ಯಾರು ಬೇಕಾದರೂ ನೋಡುವಂತಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಯಲ್ಲಿ ಆ್ಯಪ್ ಮತ್ತು ಸರ್ವರ್ ತೊಂದರೆಗೆ ಗಣತಿದಾರ ಶಿಕ್ಷಕರು ಎಷ್ಟು ಒದ್ದಾಡಿದರು ಎಂಬುದು ಇನ್ನೂ ಹಸಿ ನೆನಪು. ಆ ಪರೀಕ್ಷೆಗಳನ್ನು ಬರೆಯುವ ಕೆಲಸವನ್ನು ಸಂಬಳ ಕೊಟ್ಟು ಊರುಗಳಲ್ಲೇ ಮಾಡಿಸಬಹುದು. ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್, ಆಶಾ ಕಾರ್ಯಕರ್ತೆ, ಗ್ರಾಮ ಆಡಳಿತಾಧಿಕಾರಿ, ಹತ್ತಿರದ ಕಾಲೇಜಿನ ಕೊನೇ ವರ್ಷದ ವಿದ್ಯಾರ್ಥಿಗಳು ಸೇರಿ ಮಾಡಬಹುದಾದ ಕೆಲಸ ಅದು. ಬೆಂಗಳೂರಿನ ಟೆಕ್ ಪಾರ್ಕ್‌ನಲ್ಲಿ ಕೂತವರಿಗೆ ಗೊತ್ತಿಲ್ಲದ ಸಂಗತಿ ಇವರಿಗೆ ಗೊತ್ತಿದೆ. ಪ್ರತಿ ಗ್ರಾಮಕ್ಕೂ ಪ್ರತ್ಯೇಕ ಸಂಖ್ಯೆ ಕೊಟ್ಟಿರುವ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಡೈರೆಕ್ಟರಿ ಇದ್ದೇ ಇದೆ. ಹೆಸರಿನ ಬದಲು ಆ ಸಂಖ್ಯೆ ಬಳಸಬೇಕು ಎಂದು ಹೇಳಲು ಒಬ್ಬರು ಬೇಕು ಅಷ್ಟೇ.

ಮೂರು, ಯಂತ್ರದ ಪಟ್ಟಿಯಷ್ಟನ್ನೇ ನೋಡಿ ಯಾರ ಸೌಲಭ್ಯವನ್ನೂ ನಿಲ್ಲಿಸಬಾರದು. ಮೊದಲು ನೋಟಿಸ್, ಮನುಷ್ಯರ ಎದುರು ವಿಚಾರಣೆ, ಆಮೇಲೆ ತೀರ್ಮಾನ.

ನಾಲ್ಕು, ತಂತ್ರಾಂಶದ ತಪ್ಪು ತಿದ್ದುವುದನ್ನು ಕಾಲಮಿತಿಯ ಸೇವೆ ಎಂದು ಘೋಷಿಸಬೇಕು. 2011ರ ಸಕಾಲ ಕಾಯ್ದೆಯಲ್ಲಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ತನಕ ಪರಿಹಾರದ ಅವಕಾಶವಿದೆ. ಮೊತ್ತ ಚಿಕ್ಕದು, ತತ್ವ ದೊಡ್ಡದು. ‘ಸಿಸ್ಟಂ ತಪ್ಪು’ ಎನ್ನುವುದಕ್ಕೂ ಅದು ಅನ್ವಯವಾಗಲಿ.

ಈ ಬೇಡಿಕೆಗಳು ಈಡೇರುವ ತನಕ ಕಾಯಬೇಕಾಗಿಯೂ ಇಲ್ಲ. ನಿಮ್ಮ ಪಂಚಾಯಿತಿಯಲ್ಲಿ ಹೊಸ ಆ್ಯಪ್ ಅಥವಾ ಪೋರ್ಟಲ್ ಬಂದಾಗ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಒಂದು ಅರ್ಜಿ ಹಾಕಿ: ಇದನ್ನು ಜನರ ಮೇಲೆ ಬಳಸುವ ಮುಂಚೆ ಪರೀಕ್ಷಿಸಿದವರು ಯಾರು, ಪರೀಕ್ಷಾ ವರದಿಯ ಪ್ರತಿ ಕೊಡಿ, ತಪ್ಪು ಕಂಡರೆ ಯಾವ ಅಧಿಕಾರಿಗೆ ಹೇಳಬೇಕು. ಮೂರೂ ಸರಳ ಪ್ರಶ್ನೆಗಳು. ಉತ್ತರ ಬಂದರೆ ಅದನ್ನು ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ, ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಿ. ಬರದಿದ್ದರೆ ಮೇಲ್ಮನವಿ ಹಾಕಿ.